ಒಂದು ಕಪ್ಪೆ, ಮೂರು ಬಗೆಯ ಡೇಟಾ: ನಕ್ಷೆಗೆ ಯಾವುದು ಆಗಿಬಂತು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೈಯಾರೆ ಆರಿಸಿದ ಡೇಟಾಗೆ. ಬೆಟ್ಟದ ಮೇಲಿನ ಹಳ್ಳಗಳಲ್ಲಿ ಮಾತ್ರ ಸಿಗುವ ಒಂದು ಕಪ್ಪೆ ಎಲ್ಲೆಲ್ಲಿ ಇರಬಹುದು ಅಂತ ನಕ್ಷೆ ಮಾಡಬೇಕಿತ್ತು. ಮಾಡೆಲ್ ಮ್ಯಾಕ್ಸೆಂಟ್, ಅಂದರೆ ಪ್ರಾಣಿ ಕಂಡ ಜಾಗಗಳ ಹವಾಮಾನ ನೋಡಿ ಅಂಥದ್ದೇ ಬೇರೆ ಜಾಗ ಊಹಿಸುವ ಸಾಫ್ಟ್‌ವೇರ್. ಹವಾಮಾನ ವರ್ಲ್ಡ್‌ಕ್ಲಿಮ್ ಎಂಬ ಜಾಗತಿಕ ಹವಾಮಾನ ನಕ್ಷೆಗಳದು, ಅದರ ಒಂದು ಚೌಕದ ಬದಿ ಸುಮಾರು 1 ಕಿ.ಮೀ. ಸೆಟ್ಟಿಂಗ್ ಮುಟ್ಟಲಿಲ್ಲ, ಡೇಟಾ, ಅಂದರೆ ಕಪ್ಪೆ ಕಂಡ ಜಾಗಗಳ ದಾಖಲೆ ಮಾತ್ರ ಮೂರು ಬಗೆಯದು ಹಾಕಿ ನೋಡಿದೆ.

ಮೊದಲನೆಯದು, ಜೀವಿಗಳು ಕಂಡ ಜಾಗಗಳ ಜಾಗತಿಕ ದಾಖಲೆ ಭಂಡಾರ ಜಿಬಿಐಎಫ್‌ನಿಂದ ಇಳಿಸಿಕೊಂಡಿದ್ದನ್ನು ಹಾಗೇ ಹಾಕಿದ್ದು. ಒಂದು ದಾಖಲೆಗೆ ಒಂದರಂತೆ ಸಾವಿರಕ್ಕೂ ಜಾಸ್ತಿ ಚುಕ್ಕಿ. ಕೆಲವು ಸಮುದ್ರದಲ್ಲಿ, ಒಂದೆರಡು ಅಕ್ಷಾಂಶ 0, ರೇಖಾಂಶ 0 ಇರುವಲ್ಲಿ. ಅದನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು, ಸ್ಕ್ರಿಪ್ಟಿನಿಂದ ತೊಳೆದದ್ದು. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಆರ್ಡಿನೇಟ್‌ಕ್ಲೀನರ್ ಎಂಬ ಪ್ಯಾಕೇಜ್ ಇದೆ. ಸಮುದ್ರದಲ್ಲಿ ಬಿದ್ದ ಚುಕ್ಕಿ, ರಾಜಧಾನಿಯ ಮೇಲೆ ಕೂತ ಚುಕ್ಕಿ, ದೇಶದ ನಟ್ಟನಡುವೆ ನೆಟ್ಟ ಚುಕ್ಕಿ, ಮ್ಯೂಸಿಯಂ ಕಟ್ಟಡದ ವಿಳಾಸ, ಎಲ್ಲವನ್ನೂ ಹಿಡಿಯುತ್ತದೆ. ಕೆಲವೇ ನಿಮಿಷದ ಕೆಲಸ. ನಕ್ಷೆ ಚೆನ್ನಾಗಿ ಬಂತು, ಮಾಡೆಲ್ ಎಷ್ಟು ಚೆನ್ನಾಗಿ ಊಹಿಸುತ್ತದೆ ಎಂದು ಅಳೆಯುವ ಅಂಕ ಎಯುಸಿ (ಗರಿಷ್ಠ 1) 0.9 ದಾಟಿತು. ಅದನ್ನೇ ನಂಬಿ ಹೊರಟೆವು. ಮೂರು ರಾತ್ರಿ ಟಾರ್ಚ್ ಹಿಡಿದು ಅಲೆದೆವು. ಕಪ್ಪೆ ಸಿಗುವ ಸಾಧ್ಯತೆ ಜಾಸ್ತಿ ಅಂತ ನಕ್ಷೆಯಲ್ಲಿ ಕಡುಗೆಂಪು ಇದ್ದ ಜಾಗ ಬೆಟ್ಟದ ಬುಡದ ಒಣ ಬಯಲು. ಕಪ್ಪೆಯ ಮಾತು ಹಾಗಿರಲಿ, ಹಳ್ಳವೇ ಇರಲಿಲ್ಲ.

ವಾಪಸ್ ಬಂದು ಫೈಲನ್ನು ಸಾಲು ಸಾಲಾಗಿ ಓದಿದೆ. ಆ ಬಯಲಿನ ಒಂದು ಚುಕ್ಕಿಯ ಅಕ್ಷಾಂಶದಲ್ಲಿ ದಶಮಾಂಶದ ನಂತರ ಆರು ಅಂಕಿ. ಯಾರೋ ಜಿಪಿಎಸ್ ಹಿಡಿದು ಅಲ್ಲೇ ನಿಂತು ಬರೆದ ಹಾಗೆ ಕಾಣುತ್ತದೆ, ಅಲ್ವಾ? ಬಲಕ್ಕೆ ಸರಿಸುತ್ತಾ ಹೋದೆ. ‘ಕೋಆರ್ಡಿನೇಟ್ ಅನ್‌ಸರ್ಟನ್ಟಿ ಇನ್ ಮೀಟರ್ಸ್’ (ಜಾಗದ ಅನಿಶ್ಚಿತತೆ, ಮೀಟರಿನಲ್ಲಿ) ಎಂಬ ಕಾಲಂನಲ್ಲಿ 28 ಸಾವಿರಕ್ಕೂ ಮೇಲಿನ ಒಂದು ಸಂಖ್ಯೆ. ಅಂದರೆ ಆ ಕಪ್ಪೆ ಕಂಡ ಜಾಗ ಚುಕ್ಕಿಯಿಂದ 28 ಕಿ.ಮೀ. ದೂರದವರೆಗೆ ಯಾವ ದಿಕ್ಕಿನಲ್ಲಾದರೂ ಇರಬಹುದು.

ಆ ದಾಖಲೆ ಐನ್ಯಾಚುರಲಿಸ್ಟ್‌ನಿಂದ, ಅಂದರೆ ಜನ ತಾವು ಕಂಡ ಜೀವಿಗಳ ಫೋಟೊ, ಜಾಗ ಹಾಕುವ ಜಾಲತಾಣದಿಂದ ಬಂದದ್ದು. ಅಪಾಯದಲ್ಲಿರುವ ಪ್ರಭೇದಗಳ ನಿಜವಾದ ಜಾಗವನ್ನು ಅಲ್ಲಿ ಮರೆಮಾಡುತ್ತಾರೆ. 0.2 ಡಿಗ್ರಿ ಅಗಲ, ಅಷ್ಟೇ ಉದ್ದದ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕಿ ಇಡುತ್ತಾರೆ. ಕಪ್ಪೆ ಹಿಡಿದು ಮಾರುವವರಿಗೆ ದಾರಿ ಸಿಗಬಾರದು ನೋಡಿ. ಅದು ಸರಿಯಾದ ಕೆಲಸವೇ. ಕಾಲಂ ನೋಡದೆ ಬಿಟ್ಟ ತಪ್ಪು ನನ್ನದು.

ಬಯಲು ಸೀಮೆಯ ಪ್ರಾಣಿಯಾಗಿದ್ದರೆ ಇಷ್ಟು ಏಟು ಬೀಳುತ್ತಿರಲಿಲ್ಲವೇನೋ. ಬೆಟ್ಟದಲ್ಲಿ 20 ಕಿ.ಮೀ. ಅಂದರೆ ಮಂಜು ಮುಸುಕುವ ತುದಿಯಿಂದ ಬಿಸಿಲು ಕಾಯುವ ಬುಡಕ್ಕೆ ಇಳಿದಂತೆ. ಈ ಕಪ್ಪೆ ಸೆಕೆಯನ್ನೂ ತಡೆಯುತ್ತದೆ ಅಂತ ಮಾಡೆಲ್ ಕಲಿತುಬಿಟ್ಟಿತು. ಪರೀಕ್ಷೆಗೆ ಎತ್ತಿಟ್ಟ ಚುಕ್ಕಿಗಳೂ ಅದೇ ರಾಶಿಯವು, ಹಾಗಾಗಿ ಎಯುಸಿ ಏನೂ ಬಾಯಿ ಬಿಡಲಿಲ್ಲ.

ಮೂರನೆಯದಕ್ಕೆ ಎರಡು ವಾರದ ಸಂಜೆಗಳು ಹೋದವು. ಅನಿಶ್ಚಿತತೆ 1,000 ಮೀಟರ್ ದಾಟಿದ್ದನ್ನೆಲ್ಲ ತೆಗೆದೆ. ಆ ಕಾಲಂ ಖಾಲಿ ಇದ್ದರೆ ಸೊನ್ನೆ ಅಂತ ಅರ್ಥವಲ್ಲ, ಗೊತ್ತಿಲ್ಲ ಅಂತ. ಅಂಥ ಹಳೆಯ ಮ್ಯೂಸಿಯಂ ದಾಖಲೆಗಳ ಸ್ಥಳ ವಿವರಣೆ ಓದಿದೆ. ಬರೀ ಊರಿನ ಹೆಸರಿದ್ದರೆ ಬಿಟ್ಟೆ. ಹಳ್ಳ, ಎತ್ತರ ಎರಡೂ ಬರೆದಿದ್ದರೆ ನಕ್ಷೆಯ ಎತ್ತರದ ಜೊತೆ ತಾಳೆ ನೋಡಿ ಇಟ್ಟುಕೊಂಡೆ. ವರ್ಲ್ಡ್‌ಕ್ಲಿಮ್ ಸರಾಸರಿ 1970ರಿಂದ 2000ದವರೆಗಿನದು, ಹಾಗಾಗಿ 1970ಕ್ಕಿಂತ ಹಿಂದಿನವು ಹೊರಗೆ. ಒಂದು ಚೌಕಕ್ಕೆ ಒಂದೇ ಚುಕ್ಕಿ.

ಉಳಿದದ್ದು ತೊಂಬತ್ತರ ಆಸುಪಾಸು. ಹೊಟ್ಟೆ ಉರಿಯಿತು, ನಿಜ. ಆದರೆ ಮ್ಯಾಕ್ಸೆಂಟ್‌ಗೆ ಅಷ್ಟು ಸಾಕು. ಹೊಸ ನಕ್ಷೆಯಲ್ಲಿ ಕೆಂಪು ಬಣ್ಣ ಬೆಟ್ಟದ ಸಾಲಿಗೆ ಮಾತ್ರ ಅಂಟಿಕೊಂಡಿತು. ಅದು ತೋರಿಸಿದ, ಹಿಂದೆ ಯಾರೂ ದಾಖಲಿಸದ ಒಂದು ಹಳ್ಳಕ್ಕೆ ಹೋದೆವು. ಎರಡನೇ ರಾತ್ರಿ ಕಲ್ಲಿನ ಸಂದಿಯಿಂದ ಕೂಗು ಕೇಳಿತು.

ರಸ್ತೆ ಬದಿಯಲ್ಲೇ ಚುಕ್ಕಿ ಜಾಸ್ತಿ ಬೀಳುವ ತೊಂದರೆ ಮಾತ್ರ ಆರಿಸುವುದರಿಂದ ಪೂರ್ತಿ ಹೋಗಲ್ಲ. ಮಾಡೆಲ್ ಹೋಲಿಕೆಗೆ ಬಳಸುವ ಹಿನ್ನೆಲೆ ಬಿಂದುಗಳನ್ನೂ ಜನ ಹುಡುಕಿದ ಜಾಗಗಳಿಂದಲೇ ತೆಗೆದುಕೊಳ್ಳಬೇಕು.

ನಾನು ಒಂದು ಸಲಕ್ಕೆ ಒಂದೇ ಪ್ರಭೇದ ಹಿಡಿದು ಕೂರುವವನು. ವ್ಯರ್ಥವಾದ ಮೂರು ರಾತ್ರಿಯ ಗಾಡಿ ಖರ್ಚಿಗಿಂತ ಎರಡು ವಾರದ ಸಂಜೆ ನನಗೆ ಅಗ್ಗ. ಮುನ್ನೂರು ಪ್ರಭೇದ ಇಟ್ಟುಕೊಂಡವರು ಸ್ಕ್ರಿಪ್ಟ್ ಬಿಟ್ಟು ಬದುಕಲು ಆಗಲ್ಲ. ಅವರು ಅನಿಶ್ಚಿತತೆಯ ಕಾಲಂಗೆ ಅದರಲ್ಲೇ ಒಂದು ಸಾಲು ಸೇರಿಸಿಕೊಳ್ಳಲಿ.