ಮಾಂಡವಿ ನದಿಯ ಕ್ಯಾಸಿನೊ ಹಡಗು: ಊಟಕ್ಕೆ ದೂರಿಲ್ಲ, ಆ ಬೋರ್ಡಿಗೆ ಇದೆ

ಹೋದ ಶನಿವಾರ ಹೆಂಡತಿಯ ತಮ್ಮನ ಜೊತೆ ಪಣಜಿಯ ಕ್ಯಾಸಿನೊ ಹಡಗೊಂದಕ್ಕೆ ಹೋಗಿದ್ದೆ. ಧಾರವಾಡದಲ್ಲಿ 22 ವರ್ಷ ಸಂಖ್ಯಾಶಾಸ್ತ್ರ ಕಲಿಸಿದ್ದೇನೆ. ಗುಂಡು ಯಾವ ಮನೆಗೆ ಬೀಳುತ್ತದೆಂದು ಹಣ ಕಟ್ಟುವ ರೂಲೆಟ್ ಚಕ್ರ ಕಣ್ಣಾರೆ ಕಂಡದ್ದು ಇದೇ ಮೊದಲು.

ಜೆಟ್ಟಿಯಿಂದ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. 21 ತುಂಬಿರಬೇಕು, ಗುರುತಿನ ಚೀಟಿ ಬೇಕು. ಬಫೆಯಲ್ಲಿ ಸಸ್ಯಾಹಾರ ಬೇರೆಯೇ ಇಟ್ಟಿದ್ದರು, ಎಲ್ಲ ಬಿಸಿಬಿಸಿ.

ಚಕ್ರದಲ್ಲಿ ಮೋಸವೇನೂ ಕಾಣಲಿಲ್ಲ. 1ರಿಂದ 36, ಅರ್ಧ ಕೆಂಪು ಅರ್ಧ ಕಪ್ಪು, ಜೊತೆಗೆ ಹಸಿರು ಸೊನ್ನೆ. ಒಟ್ಟು 37 ಮನೆ. ಕಪ್ಪಿಗೆ ಕಟ್ಟಿ ಗೆದ್ದರೆ ಕಟ್ಟಿದಷ್ಟೇ ಲಾಭ; ಗೆಲ್ಲಿಸುವ ಮನೆ 18, ಸೋಲಿಸುವುದು 19. ಆ ಒಂದು ಮನೆಯಿಂದಲೇ ಕ್ಯಾಸಿನೊ ನಡೆಯುತ್ತದೆ: ಕಟ್ಟಿದ ನೂರಕ್ಕೆ ಸರಾಸರಿ 2 ರೂಪಾಯಿ 70 ಪೈಸೆ. ಒಂದು ರಾತ್ರಿಯಲ್ಲಿ ಇದು ಯಾರ ಕಣ್ಣಿಗೂ ಬೀಳದು. ಒಂದೇ ಮೊತ್ತ ಕಟ್ಟಿ 100 ಸುತ್ತು ಆಡಿದ ನೂರು ಜನರಲ್ಲಿ ಸುಮಾರು 35 ಜನ ಲಾಭದಲ್ಲೇ ಏಳುತ್ತಾರೆ. ನಾನೂ 1,500 ಗೆದ್ದೆ. ಅದೇ ಜನ 10,000 ಸುತ್ತು ಆಡಿದರೆ ಲಾಭದಲ್ಲಿ ಉಳಿಯುವವರು ಸಾವಿರಕ್ಕೆ ಮೂರೋ ನಾಲ್ಕೋ ಮಂದಿ. ಹಡಗಿನವರಿಗೆ ಬೇಕಾದದ್ದು ಆ ಹತ್ತು ಸಾವಿರ ಸುತ್ತು. ನನ್ನ 1,500 ಕೊಡುವಾಗ ಅವರಿಗೆ ಒಂದಿಷ್ಟೂ ಬೇಸರವಿರಲಿಲ್ಲ.

ನನ್ನ ತಕರಾರು ಹಿಂದಿನ ಸಂಖ್ಯೆಗಳನ್ನು ತೋರಿಸುವ ಬೋರ್ಡಿನ ಮೇಲೆ. “ಮಾಮಾ, ಆರು ಸಲ ಕೆಂಪು ಬಿದ್ದೈತ್ರಿ, ಈಗ ಕಪ್ಪು ಬರಾಕಬೇಕು” ಅಂದ ಹುಡುಗ. ಏಳನೆಯ ಸುತ್ತಿಗೂ ಅದೇ 18, ಅದೇ 19 ಎಂದರೆ ಕೇಳಲಿಲ್ಲ. ಒಮ್ಮೆ ಗೆದ್ದರೂ ಹೋದದ್ದೆಲ್ಲ ವಾಪಸ್ ಬಂದು ಮೊದಲು ಕಟ್ಟಿದಷ್ಟು ಲಾಭ ಉಳಿಯುತ್ತದೆಂದು ಸೋತಂತೆಲ್ಲ ದುಪ್ಪಟ್ಟು ಕಟ್ಟಿದ: 500, 1,000, 2,000, 4,000, 8,000. ಐದೂ ಹೋದವು, ಒಟ್ಟು 15,500. ಮುಂದೆ 16,000 ಕಟ್ಟಬೇಕು, ಆ ಟೇಬಲ್ಲಿನ ಮಿತಿ 10,000. ಸತತ ಐದು ಸೋಲು 28 ಸಲಕ್ಕೊಮ್ಮೆ ಬರುವಂಥದ್ದು, ಅಪರೂಪವೇನಲ್ಲ. ಅಷ್ಟರಲ್ಲಿ ಸಿಬ್ಬಂದಿಯೊಬ್ಬರು ಬಂದು ದೊಡ್ಡ ಮಿತಿಯ ಟೇಬಲ್ ತೋರಿಸಿದರು. ಇಪ್ಪತ್ತಾರರ ಹುಡುಗ ಬೆವರುತ್ತಿರುವಾಗ ಹಾಗೆ ಕರೆದದ್ದು ನನಗೆ ಸಹಿಸಲಾಗಲಿಲ್ಲ. ಕೈ ಹಿಡಿದು ಎಬ್ಬಿಸಿದೆ. ಐದಕ್ಕೆ ಎರಡೇ ನಕ್ಷತ್ರ ಕೊಡುತ್ತಿರುವುದು ಅದಕ್ಕೆ. ಹೋಗುವವರು ಕಳೆದುಕೊಳ್ಳಬಲ್ಲಷ್ಟೇ ನಗದು ಒಯ್ಯಿರಿ, ಕಾರ್ಡ್ ರೂಮಿನಲ್ಲಿಡಿ.

ಅನಮೋಡ ಘಾಟ್ ಹತ್ತುವವರೆಗೂ ಅವನು ಮಾತಾಡಲಿಲ್ಲ. ರಾಮನಗರದಲ್ಲಿ ಚಹಾಕ್ಕೆ ನಿಂತಾಗ, “100ರಿಂದ ಶುರು ಮಾಡಿದ್ರ?” ಅಂದ. ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ಆ ಮಿತಿಯೊಳಗೆ ಏಳು ಸಲ ಕಟ್ಟಬಹುದು. ಏಳೂ ಸೋಲುವುದು ಸುಮಾರು 106ಕ್ಕೆ ಒಮ್ಮೆ, ಆಗ ಹೋಗುವುದು 12,700. ಉಳಿದ 105 ಸಲವೂ ಗೆದ್ದರೆ ತಲಾ ನೂರರಂತೆ ಬರುವುದು 10,500.