ಬಳ್ಳಾರಿಯವರಿಗೆ ಒಂದು ಬೆಳಗು: ಕೋಟೆ ಗುಡ್ಡವೋ, ಸಂಗನಕಲ್ಲೋ?

ಊರವರೇ ಪ್ರವಾಸಿಗರಂತೆ ಊರು ನೋಡಲು ಹೊರಟರೆ, ಮೊದಲ ಆಯ್ಕೆ ಈ ಎರಡರ ನಡುವೆ.

ಕೋಟೆ ಸುಲಭ. ಊರೊಳಗೇ ಇದೆ, ಮೆಟ್ಟಿಲಿವೆ. ಮೇಲಿನ ಕೋಟೆ ಪಾಳೆಯಗಾರ ಹಂಡೆ ಹನುಮಪ್ಪ ನಾಯಕನದು, ಕೆಳಗಿನದು ಹೈದರಾಲಿ ಕಾಲದ್ದು. ಬಂಡೆ ಸೀಳುಗಳಲ್ಲಿ ಮಳೆನೀರು ನಿಲ್ಲಿಸಿದ ಹೊಂಡಗಳನ್ನು ತಪ್ಪದೇ ನೋಡಿ. ಬೇಸಿಗೆಯಲ್ಲಿ 9 ಗಂಟೆಯೊಳಗೆ ಇಳಿದುಬಿಡಿ. ಆಮೇಲೆ ಬಂಡೆ ಕಾಯುತ್ತದೆ, ನೆರಳು ಕಡಿಮೆ.

ಸಂಗನಕಲ್ಲು ನವಶಿಲಾಯುಗದ ಜನರ ನೆಲೆ. ಅಲ್ಲಿನ ಕಪ್ಪಗಲ್ಲು ಗುಡ್ಡದ ಡಾಲರೈಟ್ ಎಂಬ ಗಟ್ಟಿ ಕರಿಶಿಲೆಯ ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳನ್ನು ಕುಟ್ಟಿ ಮೂಡಿಸಿದ್ದಾರೆ. ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳೂ ಇವೆ. ನಡುಹಗಲಲ್ಲಿ ಹೋದವರಿಗೆ ಚಿತ್ರ ಸರಿಯಾಗಿ ಕಾಣುವುದಿಲ್ಲ. ಗೆರೆ ಆಳವಿಲ್ಲ, ಬೆಳಗಿನ ಓರೆ ಬಿಸಿಲೇ ಬೇಕು. ಗೆರೆಗೆ ಸುಣ್ಣದಕಡ್ಡಿ ತೀಡಬೇಡಿ, ಕಲ್ಲಿನಿಂದ ಬಡಿದು ನೋಡಬೇಡಿ. ಹಳೆಯ ಗುರುತು ಅಳಿದರೆ ಮತ್ತೆ ಬಾರದು. ಸಡಿಲ ಗುಂಡುಗಳು ಉರುಳುತ್ತವೆ: ಹಿಡಿತದ ಶೂ, ತಲಾ 2 ಲೀಟರ್ ನೀರು, ದಾರಿ ಬಲ್ಲ ಹಳ್ಳಿಯವರೊಬ್ಬರು ಜೊತೆಗಿರಲಿ.

ಸಣ್ಣ ಮಕ್ಕಳಿದ್ದರೆ ಕೋಟೆ. ಉಳಿದವರಿಗೆ ಸಂಗನಕಲ್ಲೇ ಸರಿ. ಆದರೆ ಹಿಂದಿನ ದಿನವೇ ಊರಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯದಲ್ಲಿ ಕಲ್ಲುಗೊಡಲಿಗಳನ್ನು ನೋಡಿಕೊಳ್ಳಿ. ಆಗ ಗುಡ್ಡದಲ್ಲಿ ಕಾಲಡಿ ಬಿದ್ದಿರುವ ಕಲ್ಲುಚಕ್ಕೆಗಳು ಏನೆಂದು ತಿಳಿಯುತ್ತದೆ. ಅವನ್ನು ಹೆಕ್ಕಿ ತರಬೇಡಿ.