ನಾಲ್ಕು ವರ್ಷದ ಬಳಕೆಯ ನಂತರ: ಗ್ಯಾರೇಜಿನ ಎಪಾಕ್ಸಿ ನೆಲ

ಗ್ಯಾರೇಜಿನ ಕಾಂಕ್ರೀಟ್ ನೆಲಕ್ಕೆ ನಾನೇ ಎಪಾಕ್ಸಿ (ರೆಸಿನ್ ಎಂಬ ಅಂಟುದ್ರವಕ್ಕೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಕಲಸಿ ಬಳಿಯುವ ಲೇಪ) ಬಳಿದು ನಾಲ್ಕು ವರ್ಷವಾಯಿತು. ದಿನಾ ಕಾರು ನಿಲ್ಲುವ ಜಾಗ, ಬೈಕ್ ಬಿಚ್ಚಿ ಜೋಡಿಸುವುದೂ ಅಲ್ಲೇ. ಚೆಲ್ಲಿದ ಆಯಿಲ್ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಮೊದಲು ಎಷ್ಟು ಗುಡಿಸಿದರೂ ಏಳುತ್ತಿದ್ದ ಸಿಮೆಂಟ್ ಧೂಳು ಈಗ ಇಲ್ಲವೇ ಇಲ್ಲ. ನನಗೆ ತುಂಬಾ ತೃಪ್ತಿಯಿದೆ. ಆದರೆ ಒಂದು ಕಡೆ ಕೆಟ್ಟಿತು, ಅದನ್ನು ಹೇಳಲೇಬೇಕು.

ಎಂಟನೇ ತಿಂಗಳಲ್ಲಿ ಮುಂದಿನ ಬಲ ಟೈರು ನಿಲ್ಲುವಲ್ಲಿ ಅಂಗೈ ಅಗಲದ ಪದರ ಎದ್ದು ಬಂತು. ತಿರುಗಿಸಿ ನೋಡಿದರೆ ಅದರ ಬೆನ್ನಿಗೆ ಬೂದು ಬಣ್ಣದ ಪುಡಿ ಮೆತ್ತಿಕೊಂಡಿತ್ತು. ಎಪಾಕ್ಸಿಯ ಹಿಡಿತ ಬಿಟ್ಟಿರಲಿಲ್ಲ. ಅದು ಹಿಡಿದುಕೊಂಡಿದ್ದ ಕಾಂಕ್ರೀಟಿನ ಮೇಲ್ಪದರವೇ ಸಡಿಲವಾಗಿತ್ತು. ಉಳಿದ ನೆಲವನ್ನೆಲ್ಲ ಡೈಮಂಡ್ ಗ್ರೈಂಡರ್‌ನಿಂದ ಉಜ್ಜಿ, ಮರಳು ಕಾಗದದಷ್ಟು ತರಿ ಬರಿಸಿದ್ದೆ. ಆ ಟೈರು ನಿಲ್ಲುವ ಎರಡಡಿ ಪಟ್ಟಿಯನ್ನು ಮಾತ್ರ ಹೊತ್ತು ಸಾಲದೆ ಆಸಿಡ್ ಹಾಕಿ ತೊಳೆದು ಬಿಟ್ಟಿದ್ದೆ. ದೂರ ಓಡಿ ಬಂದ ಬಿಸಿ ಟೈರು ಪದರವನ್ನು ಮೆತ್ತಗೆ ಮಾಡುತ್ತದೆ, ತಣಿಯುವಾಗ ಹಿಡಿದೆಳೆಯುತ್ತದೆ. ದುರ್ಬಲವಾಗಿದ್ದಲ್ಲಿ ಕಿತ್ತುಕೊಳ್ಳುತ್ತದೆ. ಆ ಪಟ್ಟಿಯನ್ನು ಪೂರ್ತಿ ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಎರಡು ಕೋಟ್ ಕೊಟ್ಟೆ. ಮೂರು ವರ್ಷದಿಂದ ಒಂದು ಚೂರೂ ಎದ್ದಿಲ್ಲ.

ಹೊಸ ಕಾಂಕ್ರೀಟಾದರೆ ಕನಿಷ್ಠ 28 ದಿನ ಬಿಡಿ. ಹಳೆಯದಾದರೂ ತೇವ ನೋಡದೆ ಕೈ ಹಾಕಬೇಡಿ. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, ಒಂದು ದಿನ ಬಿಟ್ಟು ಎತ್ತಿ ನೋಡಿ. ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಕೆಲಸ ನಿಲ್ಲಿಸಿ. ಕೆಳಗಿನಿಂದ ಬರುವ ತೇವ ಎಪಾಕ್ಸಿಯಡಿ ಗುಳ್ಳೆ ಎಬ್ಬಿಸುತ್ತದೆ.

ಕಲಸುವಾಗಿನ ಒಂದು ವಿಷಯ. ರೆಸಿನ್‌ಗೆ ಹಾರ್ಡನರ್ ಸೇರಿಸಿ ಬಕೆಟ್ಟಿನಲ್ಲೇ ಇಟ್ಟುಕೊಂಡು ರೋಲರ್ ಅದ್ದುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬಕೆಟ್ಟಿನ ಹೊರಮೈ ಬಿಸಿಯಾಯಿತು, ಒಳಗಿನದು ಜೇನಿನಂತೆ ಗಟ್ಟಿಯಾಗಿ ಎಳೆಯತೊಡಗಿತು. ಉಳಿದದ್ದನ್ನು ಎಸೆಯಬೇಕಾಯಿತು. ರಾಶಿಯಾಗಿದ್ದಷ್ಟೂ ಶಾಖ ಒಳಗೇ ನಿಂತು ಬೇಗ ಗಟ್ಟಿಯಾಗುತ್ತದೆ. ಕಲಸಿದ ಕೂಡಲೇ ನೆಲಕ್ಕೆ ಉದ್ದಕ್ಕೆ ಸುರಿದು ಹರಡಿದರೆ ಕೈಗೆ ಸಮಯ ಸಿಗುತ್ತದೆ. ಸಂಜೆ ಬಳಿಯುವುದೇ ವಾಸಿ. ಬೆಳಗ್ಗೆ ನೆಲ ಬಿಸಿಯೇರುತ್ತಾ ಹೋದಂತೆ ಕಾಂಕ್ರೀಟಿನ ರಂಧ್ರದೊಳಗಿನ ಗಾಳಿ ಹಿಗ್ಗಿ ಮೇಲೆ ಬರುತ್ತದೆ, ಹಸಿ ಪದರದಲ್ಲಿ ಸೂಜಿಮೊನೆಯಂಥ ತೂತು ಬೀಳುತ್ತದೆ. ಮರುದಿನ ನಡೆದಾಡಬಹುದು; ಕಾರನ್ನು ನಾನು ಒಂದು ವಾರ ಒಳಗೆ ತರಲಿಲ್ಲ.

ಬಾಗಿಲ ಬಳಿ ಬಿಸಿಲು ಬೀಳುವಷ್ಟು ಜಾಗ ಹಳದಿಗೆ ತಿರುಗಿದೆ. ಗಟ್ಟಿತನಕ್ಕೆ ಏನೂ ಆಗಿಲ್ಲ, ಆದರೆ ತಿಳಿ ಬೂದು ನೆಲದಲ್ಲಿ ಎದ್ದು ಕಾಣುತ್ತದೆ. ಬಿಸಿಲಿಗೆ ತಾಳುವ ಪಾಲಿಯುರಿಥೇನ್ ಟಾಪ್‌ಕೋಟ್ ಆಗಲೇ ಹಾಕಬೇಕಿತ್ತು. ಈ ಬೇಸಿಗೆಯಲ್ಲಿ ಆ ಭಾಗವನ್ನು ಲಘುವಾಗಿ ಉಜ್ಜಿ ಹಾಕುತ್ತಿದ್ದೇನೆ. ಒದ್ದೆಯಾದರೆ ನೆಲ ಜಾರುತ್ತದೆ, ಹಾಗಾಗಿ ಆ ಕೋಟ್‌ಗೆ ಸಣ್ಣ ಸಿಲಿಕಾ ಮರಳನ್ನೂ ಉದುರಿಸುತ್ತೇನೆ.